ತಾನೇ ನಿಲ್ಲುವ ಕಾರು

ಹೊಸ ಕಾರಿನ ಪೂಜೆ ಮುಗಿದಿತ್ತು. ಚಕ್ರದಡಿಯ ನಿಂಬೆಹಣ್ಣುಗಳು ಅಪ್ಪಚ್ಚಿಯಾಗಿದ್ದವು. ದೇವಸ್ಥಾನದ ಅಂಗಳದಲ್ಲೇ ಚಂದ್ರಮೌಳಿ ತನ್ನ ಅಕ್ಕನ ಗಂಡನನ್ನು ಕರೆದು ಕಾರಿನ ಮುಂದೆ ನಿಲ್ಲಿಸಿ, ತಾನು ಸ್ಟೀರಿಂಗ್ ಹಿಡಿದು ಕೂತ.

"ಭಾವ, ಎದುರಿಗೆ ಮನುಷ್ಯರಿದ್ರೆ ಇದು ಕ್ಯಾಮೆರಾದಲ್ಲಿ ನೋಡಿ ತಾನೇ ಬ್ರೇಕ್ ಹಾಕುತ್ತೆ. ಎಲ್ಲಾದ್ರೂ ಅಪಘಾತ ಆದ್ರೆ ಆಂಬುಲೆನ್ಸಿಗೂ ತಾನೇ ಫೋನ್ ಮಾಡುತ್ತೆ. ಯಾವಾಗ್ಲೂ ಇಂಟರ್‌ನೆಟ್ಟಲ್ಲೇ ಇರೋ ಗಾಡಿ."

"ನಿಲ್ಲದೇ ಹೋದ್ರೆ?"

"ನನ್ನನ್ನ ನಂಬಬೇಡಿ, ಕಾರನ್ನ ನಂಬಿ. ಅಲ್ಲಾಡದೆ ನಿಂತ್ಕೊಳ್ಳಿ."

ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಪರದೆಯತ್ತ ಬೆರಳು ತೋರಿಸಿದಳು. "ರೀ, ಇಲ್ಲೇನೋ ಹಳದಿ ದೀಪ ಮಿನುಗ್ತಿದೆ."

"ಹೊಸ ಗಾಡಿ, ಏನೇನೋ ತೋರಿಸುತ್ತೆ. ನೀನು ವಿಡಿಯೋ ಮಾಡು."

ಅವನು ಆಕ್ಸಿಲರೇಟರ್ ಒತ್ತಿದ. ಭಾವ ಧ್ವಜಸ್ತಂಭದ ಬುಡಕ್ಕೆ ಹೋಗಿ ಬಿದ್ದರು. ಕಾರು ಫೋನ್ ಮಾಡಿತು. ಆಂಬುಲೆನ್ಸೂ ಬಂತು.

ಕಾಲು ಮುರಿದ ಭಾವನನ್ನು ಸ್ಟ್ರೆಚರಿಗೆ ಎತ್ತುವಾಗ ಚಂದ್ರಮೌಳಿ ಅರ್ಚಕರ ಕಡೆ ತಿರುಗಿದ. "ಪೂಜೆಯಲ್ಲಿ ಏನಾದ್ರೂ ಲೋಪ ಆಯ್ತಾ ಸ್ವಾಮಿ?"

"ಛೆ ಛೆ, ಏನೂ ಬಿಟ್ಟಿಲ್ಲ. ಮುಂದಿನ ಗಾಜಿನ ಮೇಲ್ಗಡೆ ನೀವೇ ತೋರಿಸಿದ್ರಲ್ಲ ಕ್ಯಾಮೆರಾ, ದೃಷ್ಟಿ ತಾಗದಿರಲಿ ಅಂತ ಅದಕ್ಕೂ ಗಂಧ, ಕುಂಕುಮ ದಪ್ಪಗೆ ಮೆತ್ತಿದ್ದೀನಿ."