ನಿಂತ ಕಾರಣ

ಹಂಚಿನ ಕಾರ್ಖಾನೆಯ ಪ್ರೆಸ್ ಮತ್ತೆ ತಿರುಗತೊಡಗಿದಾಗ ಹನ್ನೆರಡೂಕಾಲು. ಅಣ್ಣುವಿನ ಬಲಗೈ ಅದರಲ್ಲಿ ಸಿಕ್ಕಿ ಜಜ್ಜಿಹೋಗಿ, ಅವನನ್ನು ಜೀಪಿನಲ್ಲಿ ಉಡುಪಿಯ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಮೆನೇಜರರು ಗುಮಾಸ್ತೆ ಸ್ವರ್ಣಲತಾಳ ಮೇಜಿನ ಬಳಿ ಬಂದು ನಿಂತರು.

"ರಿಜಿಸ್ಟರಿನಲ್ಲಿ ಬರೆಯಿರಿ. ತಾರೀಕು ಹದಿನಾಲ್ಕು, ಎರಡು, ಎಪ್ಪತ್ತೆಂಟು. ಎರಡನೇ ಪ್ರೆಸ್ ನಿಂತದ್ದು ಎರಡು ಗಂಟೆ. ನಿಂತ ಕಾರಣ..." ಒಂದು ಕ್ಷಣ ಯೋಚಿಸಿದರು. "ಕೈ."

"ಯಾರ ಕೈ ಅಂತ ಬರೆಯಲಿ ಸಾರ್?"

"ಅದಕ್ಕೆ ಕಾಲಂ ಎಲ್ಲುಂಟು? ಕಳೆದ ತಿಂಗಳು ಬೆಲ್ಟು ತುಂಡಾದಾಗ ಬೆಲ್ಟು ಅಂತ ಬರೆಯಲಿಲ್ವಾ? ಇದೂ ಹಾಗೆಯೇ."

ಬರೆದಳು. ಅಕ್ಷರ ಎಂದಿನಂತೆ ದುಂಡಗೆ ಬಂದದ್ದು ಕಂಡು ಅವಳಿಗೆ ಹೇಗೋ ಆಯಿತು.

ಮೆನೇಜರರು ಇನ್ನೊಂದು ಕಾಗದ ಮುಂದಿಟ್ಟರು. ನನ್ನ ಅಜಾಗರೂಕತೆಯಿಂದಲೇ ಹೀಗಾಯಿತು, ಕಂಪೆನಿಯ ತಪ್ಪಿಲ್ಲ ಎಂದಿತ್ತು. "ನಾಳೆ ಹೋಗಿ ಅಣ್ಣುವಿನ ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ. ಎಡಗೈದಾದರೂ ಸಾಕು."

ಕೈ ಒಳಹೋಗದಂತೆ ಕಾಯುವ ಪ್ರೆಸ್ಸಿನ ತಡೆಸರಳು ಮುರಿದು ತಿಂಗಳಾಗಿತ್ತು. ರಿಪೇರಿ ಮಾಡಿಸಿ ಎಂದು ಕೆಲಸದವರು ಹೇಳಿದ್ದನ್ನು ಮನವಿಯಾಗಿ ಬರೆದುಕೊಟ್ಟವಳು ಸ್ವರ್ಣಲತಾಳೇ.

ಮರುದಿನ ಸಂತೆಕಟ್ಟೆಯಲ್ಲಿ ಉಡುಪಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಾಗದವಿದ್ದ ಕೈಚೀಲ ಮಡಿಲಲ್ಲೇ ಇತ್ತು. ಅವಳ ಮನೆಯಲ್ಲಿ ಸಂಬಳ ತರುವವಳು ಅವಳೊಬ್ಬಳೇ.

ವಾರ್ಡಿನಲ್ಲಿ ಅಣ್ಣುವಿಗೆ ಹೆಂಡತಿ ಮನೋರಮಾ ಗಂಜಿ ಕುಡಿಸುತ್ತಿದ್ದಳು. ಆಫೀಸಿನವಳನ್ನು ಕಂಡು ಅವನು ಏಳಲು ಹೋಗಿ ನೋವಿನಿಂದ ಮುಖ ಕಿವುಚಿದ.

"ಪ್ರೆಸ್ಸಿಗೆ ಎಂತ ಆಗಲಿಲ್ಲ ಅಲ್ವಾ ಅಕ್ಕ?"

"ನಿನ್ನೆಯೇ, ಎರಡು ಗಂಟೆ ಬಿಟ್ಟು ಶುರುವಾಯಿತು."

"ಒಳ್ಳೆಯದಾಯಿತು. ನನ್ನಿಂದಾಗಿ ಎರಡು ಗಂಟೆ ನಿಂತುಹೋಯಿತು."

ಮನೋರಮಾ ಚಮಚವನ್ನು ಬಟ್ಟಲಿಗೆ ಬಿಟ್ಟು ಗೋಡೆಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು.

ಚೀಲದೊಳಗೆ ಸ್ವರ್ಣಲತಾಳ ಕೈ ಕಾಗದದ ಮೇಲಿತ್ತು. ಅಣ್ಣು ಅದನ್ನು ಗಮನಿಸಿದ. ತಾನಾಗಿಯೇ ಎಡಗೈಯ ಹೆಬ್ಬೆರಳು ಮುಂದೆ ಚಾಚಿದ.

"ಎಲ್ಲಿಗೆ ಒತ್ತಲಿಕ್ಕುಂಟು ಅಕ್ಕ?"

ಅವಳು ಬರಿಗೈಯನ್ನು ಹೊರತೆಗೆದು ಚೀಲ ಮುಚ್ಚಿದಳು. ನಾಳೆ ಮೆನೇಜರರಿಗೆ ಏನು ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ.

"ಎಲ್ಲಿಗೂ ಬೇಡ. ಸುಮ್ಮನೆ ನೋಡಲಿಕ್ಕೆ ಬಂದೆ."

ಚಾಚಿದ ಬೆರಳು ಹಾಗೆಯೇ ನಿಂತಿತು. ಹದಿನಾಲ್ಕು ವರ್ಷಗಳ ಕೆಲಸದಲ್ಲಿ ಆಫೀಸಿನವರು ಯಾರೂ ಅವನ ಬಳಿಗೆ ಹೀಗೆ ಬಂದದ್ದಿರಲಿಲ್ಲ. ಅಣ್ಣು ಗಲಿಬಿಲಿಗೊಂಡು ಹೆಂಡತಿಯನ್ನೊಮ್ಮೆ, ಸ್ವರ್ಣಲತಾಳನ್ನೊಮ್ಮೆ ನೋಡಿದ.

"ನೋಡಲಿಕ್ಕಾ? ಎಂತದನ್ನು?"