ಇಬ್ಬರಿಗೂ ಮಂಗಳವಾರ

ಗಂಡ ಹೆಂಡತಿ ಒಟ್ಟಿಗೆ ಒಳಗೆ ಬಂದದ್ದನ್ನು ನೋಡಿ ಕ್ಯಾಷಿಯರ್ ಸುಧಾಮಣಿ ಬಿಲ್ ಮಾಡುವುದನ್ನೇ ನಿಲ್ಲಿಸಿದಳು.

ಜಯನಗರದ ಆ ಸೂಪರ್‌ಮಾರ್ಕೆಟ್ಟಿನಲ್ಲಿ ಸಂಗಮೇಶ, ಜಯಾ ಜೊತೆಯಾಗಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಅವನದು ಬೆಳಗಿನ ಪಾಳಿ, ಅವಳದು ಮಧ್ಯಾಹ್ನದ್ದು. ಅವನ ವಾರದ ರಜೆ ಶುಕ್ರವಾರ, ಅವಳದು ಮಂಗಳವಾರ. ಪಾಳಿ ಮುಗಿದದ್ದೇ ಅವನು ಪಕ್ಕದ ಸಿದ್ದಾಪುರದ ಮನೆಗೆ ಓಡುತ್ತಿದ್ದ. ಅವಳು ದಿನವೂ ತಡವಾಗಿ, ಏದುಸಿರು ಬಿಡುತ್ತಾ ಬರುತ್ತಿದ್ದಳು. ಒಬ್ಬರ ಮುಖ ಇನ್ನೊಬ್ಬರು ನೋಡಬಾರದೆಂದೇ ಹೀಗೆ ಮಾಡುತ್ತಾರೆ ಎಂದು ಸುಧಾಮಣಿ ಅಂಗಡಿಗೆಲ್ಲ ಹೇಳಿದ್ದಳು.

"ಡಿವೋರ್ಸ್‌ಗೆ ದುಡ್ಡಿಲ್ಲ, ಅಷ್ಟೇ."

ಪಾಳಿ ಹಂಚುವ ಮ್ಯಾನೇಜರ್ ಕಾತ್ಯಾಯಿನಿಗೂ ಹಾಗೇ ಅನ್ನಿಸಿತ್ತು. ಆದರೂ ಇಬ್ಬರೂ ಅವಳಿಗೆ ಅಚ್ಚುಮೆಚ್ಚು. ಮನೆ ತಾಪತ್ರಯ ಇಲ್ಲಿಗೆ ತರಬೇಡಿ ಎಂದು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಅವಳು ಎಲ್ಲರಿಗೂ ಹೇಳುತ್ತಿದ್ದಳು. ಇವರು ಒಮ್ಮೆಯೂ ತಂದಿರಲಿಲ್ಲ.

ಕೆಲಸ ಬಿಡುವವರು ಹೆಚ್ಚಾಗಿ, ಇದ್ದವರನ್ನಾದರೂ ಖುಷಿಯಾಗಿಡಿ ಎಂದು ಹೆಡ್ ಆಫೀಸಿನಿಂದ ಹುಕುಂ ಬಂದಾಗ, ಕಾತ್ಯಾಯಿನಿ ಮೊದಲು ಮಾಡಿದ್ದು ಈ ಇಬ್ಬರನ್ನೂ ಒಂದೇ ಪಾಳಿಗೆ ಹಾಕಿ ಒಂದೇ ದಿನ ರಜೆ ಕೊಟ್ಟದ್ದು. ಜೊತೆಗೆ ಓಡಾಡಿದರೆ ಸಂಸಾರ ಸರಿಹೋದೀತು ಎಂಬ ಆಸೆ. ಜಯಾ ಬಿಳಿಚಿಕೊಂಡಳು.

"ಬ್ಯಾಡ್ರಿ ಮೇಡಂ. ಮೊದ್ಲ ಇದ್ದಂಗ ಇರ್ಲಿ."

ಕಾತ್ಯಾಯಿನಿ ಪಾಳಿ ಪಟ್ಟಿಯಲ್ಲಿ ಬರೆದದ್ದನ್ನು ಅಳಿಸಿದಳು.

ಹೋದ ವಾರ ಇಬ್ಬರೂ ಒಮ್ಮೆಗೇ ನಾಪತ್ತೆ. ಫೋನಿಲ್ಲ. ಅಕ್ಕಿ ಮೂಟೆ ಇಳಿಸುವವರಿಲ್ಲದೆ ಉಳಿದವರ ಬೆನ್ನು ಮುರಿಯಿತು. ಊರಲ್ಲಿ ಹಿರಿಯರು ಪಂಚಾಯ್ತಿ ಕೂಡಿಸಿರಬೇಕು, ಯಾವುದಾದರೂ ಒಂದು ಇತ್ಯರ್ಥವಾಗುತ್ತದೆ ಎಂದು ಸುಧಾಮಣಿ ತೀರ್ಪು ಕೊಟ್ಟಳು.

ಈಗ ಬಂದು ನಿಂತಿದ್ದಾರೆ. ಜಯಾ ಗಂಡನ ತೋಳು ಹಿಡಿದಿದ್ದಳು.

"ಮೇಡಂ, ಅವತ್ತು ಹೇಳಿದ್ರಲ್ರಿ," ಅಂದ ಸಂಗಮೇಶ. "ಒಂದ ಪಾಳಿ, ಒಂದ ರಜಾ. ಹಂಗ ಹಾಕ್ರಿ."

ಕಾತ್ಯಾಯಿನಿಗೆ ಗೆದ್ದಷ್ಟು ಸಂತೋಷ. ಗೈರುಹಾಜರಿಯ ಕಾರಣ ಕೇಳಲಿಲ್ಲ. ಇಬ್ಬರಿಗೂ ಮಂಗಳವಾರ ಎಂದು ಬರೆದು, ಮೈಸೂರು ಪಾಕಿನ ಡಬ್ಬಿಯೊಂದನ್ನು ಜಯಾಳ ಕೈಗಿಟ್ಟಳು.

"ಅಂತೂ ಒಂದಾದ್ರಲ್ಲ, ಸಾಕು. ಎಲ್ಲಾದ್ರೂ ಸುತ್ತಾಡ್ಕೊಂಡು ಬನ್ನಿ."

ಜಯಾ ಡಬ್ಬಿಯನ್ನೇ ನೋಡುತ್ತಾ ನಿಂತಳು.

ಹೊರಡುವಾಗ ಸಂಗಮೇಶ ಒಂದು ಬೀಗ ತಂದು ಬಿಲ್ಲಿಗೆ ಇಟ್ಟ. ಸುಧಾಮಣಿ ನಕ್ಕಳು.

"ಇಷ್ಟು ವರ್ಷ ಮನೆಗೆ ಬೀಗಾನೇ ಇರ್ಲಿಲ್ವಾ ಸಂಗಣ್ಣ?"

"ಬೇಕಾಗಿರ್ಲಿಲ್ರಿ ಅಕ್ಕಾರ," ಅಂದಳು ಜಯಾ. "ನಮ್ಮ ಹುಡುಗ ಹಾಸಿಗಿ ಬಿಟ್ಟು ಏಳ್ತಿರ್ಲಿಲ್ಲ, ನಮ್ಮಿಬ್ರಾಗ ಒಬ್ರು ಯಾವಾಗ್ಲೂ ಅವನ ಬಾಜೂಕ ಇರ್ತಿದ್ವಿ. ಹೋದ ವಾರ ಮಣ್ಣು ಮಾಡಿ ಬಂದ್ವಿ."