ಬ್ಯಾಟರಿ ಉಳಿಸಿದ ಬದರಿನಾಥ

ನೀರಜಾಳ ಕೈಯಲ್ಲಿದ್ದ ಬೀಕನ್ ಕುಂಯ್ ಅನ್ನಲಿಲ್ಲ. ಹಿಮಕುಸಿತದಲ್ಲಿ ಹೂತುಹೋದವರ ಎದೆಯ ಬೀಕನ್ ಕಳಿಸುವ ಸಂಕೇತ ಹಿಡಿದು ಅವರನ್ನು ಹುಡುಕಿಕೊಡುವ ಯಂತ್ರ, ಎರಡಡಿ ದೂರದಲ್ಲಿ ನಿಂತಿದ್ದ ಗಂಡನನ್ನೇ ಹುಡುಕಲಿಲ್ಲ.

"ರೀ, ನಿಮ್ದು ಆನ್ ಇದೆಯಾ?"

"ಸುಮ್ನೆ ಬ್ಯಾಟರಿ ವೇಸ್ಟ್ ಯಾಕೆ? ಸ್ನೋ ಮೈಮೇಲೆ ಬಿದ್ದಾಗ ಆನ್ ಮಾಡ್ಕೋತೀನಿ ಬಿಡೇ," ಅಂದ ಬದರಿನಾಥ, ಸ್ಕೀಗಳನ್ನು ಇಳಿಜಾರಿನತ್ತ ತಿರುಗಿಸುತ್ತ.

ತೊಂಬತ್ತಮೂರರ ಮಾರ್ಚಿನ ಬಿರುಗಾಳಿ ಅಮೆರಿಕದ ರೋನ್ ಬೆಟ್ಟದ ಮೇಲೆ ಆಕಾಶದ ದಾಸ್ತಾನನ್ನೆಲ್ಲ ಸುರಿದುಹೋಗಿತ್ತು. ಹಳೆಯ ಮಂಜುಗಡ್ಡೆಗೆ ಹೊಸ ಹಿಮ ಅಂಟಿರಲಿಲ್ಲ. ಯಾರಾದರೂ ಸೀನಿದರೆ ಇಡೀ ಇಳಿಜಾರು ಪಕ್ಕದ ಟೆನ್ನೆಸ್ಸಿ ರಾಜ್ಯಕ್ಕೆ ವಲಸೆ ಹೋಗುವಂತಿತ್ತು. ಆದರೆ ನೀರಜಾಳ ಸಿಟ್ಟಿನ ಮುಂದೆ ಆ ಬೆಟ್ಟವೆಲ್ಲ ಒಂದು ಹಿಡಿ ಉಪ್ಪು. ಅವಳು ಗಂಡನ ಕಾಲರ್ ಹಿಡಿದು ಹಿಂದಕ್ಕೆಳೆದು, ಸಮತಟ್ಟು ಜಾಗದಲ್ಲಿ ಕೆಡವಿದಳು. ಅವನ ಎರಡೂ ತೋಳುಗಳ ಮೇಲೆ, ಬಕಾಸುರನಿಗೆ ಅನ್ನ ಬಡಿಸಿದಂತೆ, ಸಲಿಕೆಯಿಂದ ಹಿಮ ಸುರಿದು ಬೂಟಿನಿಂದ ತುಳಿದು ಗಟ್ಟಿ ಮಾಡಿದಳು.

"ಬಿತ್ತಲ್ಲ ಸ್ನೋ, ಮಾಡ್ಕೊಳ್ಳಿ ಆನ್!"

ಬದರಿನಾಥ ನಗುತ್ತಲೇ ತೋಳು ಎಳೆದುಕೊಂಡ. ಭುಜ ಅಲುಗಿತು, ಕೈ ಅಲುಗಲಿಲ್ಲ. ಮತ್ತೆ ಎಳೆದ. ಬೆರಳು ಮಡಿಸಲೂ ಆಗಲಿಲ್ಲ.

"ನಿಮ್ಮನ್ನ ಅಗೆದು ತೆಗೆಯೋಳು ನಾನು ಕಣ್ರೀ! ಎಲ್ಲಿ ಅಂತ ಅಗೀಲಿ? ಇಡೀ ಬೆಟ್ಟಾನಾ?" ಅವಳ ಕೂಗಿಗೆ ಮೂರು ರಾಜ್ಯಗಳ ಕರಡಿಗಳು ನಿದ್ದೆಯಿಂದ ಎದ್ದು ಕೂತಿರಬೇಕು.

ಅವನು ಇಳಿಜಾರನ್ನು ಮೊದಲ ಸಲ ಸರಿಯಾಗಿ ನೋಡಿದ.

"ನೀರಜಾ, ಬಂದ ದಾರೀಲೇ ವಾಪಸ್ ಹೋಗೋಣ."